ಅಪ್ಪನ ಮನಸ್ಸಿನೊಳಗೆ ಹೊಕ್ಕು ನೋಡಬಹುದೇ? – ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಂಚಿಕೆಯ ಪ್ರಶ್ನೆಗಳಿಗೆ ಮನೋವೈದ್ಯರು ಮತ್ತು ಮನಶ್ಶಾಸ್ತ್ರಜ್ಞರ ಬಳಗ ಉತ್ತರಿಸಿದೆ.

ಪ್ರಶ್ನೆ: ನಮ್ಮದು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾದ ಊರು. ಅಪ್ಪನಿಗೆ ಈಗ 68. ಅವ್ವ ತೀರಿಕೊಂಡಾಗಿನಿಂದ ಅಪ್ಪ ನಿದ್ದೆಯಲ್ಲಿ ಕೈಕಾಲು ಬಡಿಯುತ್ತಾರೆ, ‘ತೊಲಿ ಹಿಡೀರಿ, ನೀರ ಬಂತು’ ಎಂದು ಚೀರುತ್ತಾರೆ. ಹಗಲಲ್ಲಿ ಕೇಳಿದರೆ ‘ಏನಿಲ್ಲ ಬಿಡವಾ’ ಎಂದು ಎದ್ದು ಹೋಗುತ್ತಾರೆ. ಬಸ್ಸು ಹೊಳೆ ದಾಟುವಾಗ ಕಣ್ಣು ಮುಚ್ಚಿ ಕೂಡುತ್ತಾರೆ. ನಮ್ಮ ಕಾಕಾ ಒಬ್ಬರನ್ನು ಗೊತ್ತುಮಾಡಿದ್ದಾರೆ. ಅವರು ಟೆಲಿಪತಿಯಿಂದ ಅಪ್ಪನ ಮನಸ್ಸಿಗೆ ಹೊಕ್ಕು ಒಳಗೆ ಹೂತುಹೋದದ್ದನ್ನು ಹೊರಗೆ ತೆಗೆಯುತ್ತಾರಂತೆ. ಅಪ್ಪನಿಗೆ ಹೇಳುವುದೂ ಬೇಡ, ಫೋಟೊ ಸಾಕು, 15,000 ರೂಪಾಯಿ ಕೊಡಿ ಎನ್ನುತ್ತಾರೆ. ಒಪ್ಪಬಹುದೇ?
– ನವನಗರ, ಬಾಗಲಕೋಟೆ

ಉತ್ತರ: ಒಪ್ಪಬೇಡಿ. ದುಡ್ಡು ಹೋದರೆ ಹೋಗಲಿ, ಅದಕ್ಕಿಂತ ದೊಡ್ಡ ಹಾನಿ ಅಪ್ಪನಿಗೇ ಆಗುತ್ತದೆ.

ಒಬ್ಬರ ಮನಸ್ಸನ್ನು ಇನ್ನೊಬ್ಬರು ನೇರವಾಗಿ ಓದಬಲ್ಲರೇ ಎಂಬುದನ್ನು 1930ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ.ಬಿ. ರೈನ್ ಪರೀಕ್ಷಿಸಿದರು. ವೃತ್ತ, ಚೌಕ, ನಕ್ಷತ್ರ, ಕೂಡು ಚಿಹ್ನೆ, ಅಲೆಗೆರೆ – ಐದು ಚಿತ್ರ, ಒಂದೊಂದರದೂ ಐದು, ಒಟ್ಟು 25 ಕಾರ್ಡು. ಸುಮ್ಮನೆ ಊಹಿಸಿದರೂ 25ರಲ್ಲಿ ಐದು ಸರಿಬರುತ್ತವೆ. ರೈನ್ ಅದಕ್ಕಿಂತ ಹೆಚ್ಚು ಬಂತೆಂದರು. ಆದರೆ ಮೊದಮೊದಲ ಕೆಲವು ಕಾರ್ಡುಗಳ ಚಿತ್ರ ಬೆನ್ನ ಕಡೆಯಿಂದಲೇ ಮಸುಕಾಗಿ ಕಾಣುತ್ತಿತ್ತು. ಬಿಗಿ ನಿಯಮ ಇಟ್ಟು ಬೇರೆಯವರು ಮಾಡಿದಾಗ ಆ ಫಲ ನಿಲ್ಲಲಿಲ್ಲ. ನಮ್ಮಲ್ಲಿಯೂ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿ ಮಾಡಿದ್ದರು. ಪರೀಕ್ಷೆಗೆ ಒಡ್ಡಿ ನೋಡುವುದು ಯಾರಿಗೂ ಅವಮಾನವಲ್ಲ.

ಕಾಕಾ ಕೇಳದಿದ್ದರೆ ಅವರ ಎದುರೇ ಆ ಮನಸ್ಸು ಓದುವವರನ್ನು ಪರೀಕ್ಷಿಸಿ ನೋಡಿ. ದಪ್ಪ ರಟ್ಟಿನಲ್ಲಿ ಇಂಥ 25 ಕಾರ್ಡು ಮಾಡಿ. ಕಾರ್ಡು ನೋಡುವವರು ಒಂದು ಕೋಣೆ, ಹೇಳುವವರು ಇನ್ನೊಂದು, ನಡುವೆ ಬಾಗಿಲು ಹಾಕಿರಲಿ, ಫೋನು ಇಬ್ಬರ ಹತ್ತಿರವೂ ಬೇಡ. ಪ್ರತಿ ಸುತ್ತಿಗೂ ಹೊಸದಾಗಿ ಕಲಸಿ. ಉತ್ತರ ಬರೆದಾದ ಮೇಲೆಯೇ ತಾಳೆ ನೋಡಿ, ನಡುನಡುವೆ ಸರಿ-ತಪ್ಪು ಹೇಳಬೇಡಿ. ನಾಲ್ಕು ಸುತ್ತಿಗೆ ನೂರು ಊಹೆ. ಇಪ್ಪತ್ತರ ಆಚೀಚೆ ಬರುತ್ತದೆ. 28ರವರೆಗೂ ಬರೀ ಅದೃಷ್ಟವೇ.

ಇಂಥವರಿಗೆ ಗುಟ್ಟು ಗೊತ್ತಾಗುವ ದಾರಿ ಬೇರೆ. ಊರು ಮುಳುಗಿದ್ದನ್ನು, ಅವ್ವ ತೀರಿದ್ದನ್ನು, ಅಪ್ಪ ಚೀರುವ ಮಾತನ್ನು ಕಾಕಾ ಆಗಲೇ ಹೇಳಿರುತ್ತಾರೆ. ಮುಳುಗಡೆಯಾದ ಮನೆಗಳ ಬಾಗಿಲು, ತೊಲೆ ಬಿಚ್ಚಿಕೊಂಡು ಹೋದವರು ನಿಮ್ಮ ಭಾಗದಲ್ಲಿ ಅನೇಕರಿದ್ದಾರೆ. ಅದನ್ನೂ ಇದನ್ನೂ ಕೂಡಿಸಿ ‘ತೊಲೆ ಬಿಚ್ಚುವಾಗ ಒಂದು ಸಾವಾಗಿದೆ, ಅದನ್ನು ಮುಚ್ಚಿಟ್ಟಿದ್ದಾರೆ’ ಎಂದರೆ ಮನೆಯವರ ಎದೆ ಝಲ್ಲೆನ್ನುತ್ತದೆ. ನಾಳೆ ಅಪ್ಪನೂ ಅದನ್ನು ನಂಬಬಹುದು. 1995ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು 24 ಮಂದಿಗೆ ‘ನೀವು ಚಿಕ್ಕವರಿದ್ದಾಗ ಅಂಗಡಿ ಸಾಲಿನಲ್ಲಿ ಕಳೆದುಹೋಗಿದ್ದಿರಿ’ ಎಂಬ ಕಟ್ಟುಕತೆಯನ್ನು ಮನೆಯವರು ಹೇಳಿದ್ದೆಂದು ಕೊಟ್ಟರು. ಸುಮಾರು ಕಾಲುಭಾಗ ಮಂದಿ ಪೂರ್ತಿಯೋ ಅರ್ಧವೋ ನೆನಪಾಗುತ್ತದೆ ಎಂದರು. ಹೊರಗಿನವರು ಹಾಕಿದ ಮಾತು ಹೀಗೆ ಸ್ವಂತ ನೆನಪಾಗಿ ಕೂತರೆ ಕೀಳುವುದು ಕಷ್ಟ.

ಇನ್ನು ಮಾಡಬೇಕಾದದ್ದು. ಮೊದಲು ನಿದ್ದೆಯ ವಿಚಾರ, ಏಕೆಂದರೆ ಎಲ್ಲರೂ ಎಡವುವುದು ಇಲ್ಲಿಯೇ. ಐವತ್ತು ದಾಟಿದವರು, ಅದರಲ್ಲೂ ಗಂಡಸರು, ಕನಸಿನಲ್ಲಿ ಒದ್ದು, ಗುದ್ದಿ, ಕೂಗಿದರೆ ಅದು ಕನಸಿನ ನಿದ್ದೆಯ ಕಾಯಿಲೆಯೂ ಆಗಿರಬಹುದು. ಕನಸಿನ ಹೊತ್ತಿಗೆ ಸಡಿಲವಾಗಬೇಕಾದ ಸ್ನಾಯುಗಳು ಸಡಿಲವಾಗದೆ, ಕಂಡದ್ದನ್ನೆಲ್ಲ ಮೈ ಮಾಡಿಬಿಡುತ್ತದೆ. ಇದು ಹೆಚ್ಚಾಗಿ ಬೆಳಗಿನ ಜಾವದ ಕಡೆ ಬರುತ್ತದೆ, ಎಬ್ಬಿಸಿದರೆ ತಟ್ಟನೆ ಎಚ್ಚರಾಗಿ ಕನಸು ಹೇಳುತ್ತಾರೆ. ಕೆಲವರಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ವರ್ಷಗಳ ಮುಂಚಿನ ಸೂಚನೆಯೂ ಹೌದು. ಎರಡು-ಮೂರು ರಾತ್ರಿ ಅಪ್ಪನಿಗೆ ಹೇಳಿಯೇ ಮೊಬೈಲಿನಲ್ಲಿ ವಿಡಿಯೊ ಮಾಡಿ, ಗಂಟೆ ಬರೆದಿಡಿ. ಅಷ್ಟರಲ್ಲಿ ಗಾದಿಯನ್ನು ನೆಲಕ್ಕೆ ಹಾಕಿ, ಹತ್ತಿರದ ಗಾಜು, ಚೂಪಾದ ಸಾಮಾನು ಸರಿಸಿ.

ಅಪ್ಪ ನುಂಗುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಬಿ.ಪಿ.ಗೆ ಕೊಡುವ ಪ್ರೊಪ್ರನಲಾಲ್, ಮೆಟೊಪ್ರೊಲಾಲ್ ಕೆಲವರಿಗೆ ಕೆಟ್ಟ ಕನಸು ತರುತ್ತವೆ. ಸಕ್ಕರೆ ಕಾಯಿಲೆಯ ಮಾತ್ರೆಯಿಂದ ರಾತ್ರಿ ಸಕ್ಕರೆ ಇಳಿದರೂ ಬೆವೆತು ಚೀರುವುದುಂಟು. ಹಾಗೆಂದು ನೀವೇ ಮಾತ್ರೆ ನಿಲ್ಲಿಸಬೇಡಿ, ಬಿ.ಪಿ. ಮಾತ್ರೆ ಒಮ್ಮೆಲೇ ಬಿಟ್ಟರೆ ಹೃದಯಕ್ಕೆ ಅಪಾಯ.

ಹೊಳೆ ಕಂಡರೆ ಕಣ್ಣು ಮುಚ್ಚುವುದು, ಆ ಮಾತೆತ್ತಿದರೆ ಎದ್ದುಹೋಗುವುದು ಮಾತ್ರ ನಿದ್ದೆಯ ಕಾಯಿಲೆಯಲ್ಲಿ ಬರುವುದಿಲ್ಲ. ಅವು ಆಘಾತದ ಗುರುತು. ಸಂಗಾತಿ ಹೋದ ಮೇಲೆ, ಕೆಲಸ ಬಿಟ್ಟ ಮೇಲೆ ಹಳೆಯ ಆಘಾತ ತಲೆ ಎತ್ತುವುದು ವಯಸ್ಸಾದವರಲ್ಲಿ ಕಾಣುವ ಸಂಗತಿ. ಎರಡೂ ಒಟ್ಟಿಗೆ ಇರಬಹುದು, ಆದ್ದರಿಂದ ಮನೋವೈದ್ಯರು ನೋಡಲೇಬೇಕು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಶುರುಮಾಡಿ, ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ 8ರಿಂದ 12 ಭೇಟಿ. ಆಘಾತಕ್ಕೆ ಕೊಡುವ ಸರ್ಟ್ರಲಿನ್‌ನಂಥ ಮಾತ್ರೆಯ ಗುಣ ಕಾಣಲು ನಾಲ್ಕಾರು ವಾರ ಬೇಕು, ಮತ್ತು ಈ ಜಾತಿಯ ಮಾತ್ರೆಗಳು ಕನಸಿನ ನಿದ್ದೆಯ ಕಾಯಿಲೆಯನ್ನು ಹೆಚ್ಚಿಸಬಹುದು. ವಿಡಿಯೊ ಮೊದಲು ತೋರಿಸಿ ಎನ್ನುವುದು ಅದಕ್ಕೇ. ಔಷಧದ ಅಂಗಡಿಯಿಂದ ನಿದ್ದೆ ಮಾತ್ರೆ ತಂದುಕೊಡಬೇಡಿ; ಈ ವಯಸ್ಸಿನಲ್ಲಿ ರಾತ್ರಿ ಎದ್ದು ಬಿದ್ದು ಸೊಂಟ ಮುರಿಯಬಹುದು.

ಮನೆಯಲ್ಲಿ ಮಾತು ತೆಗೆಯುವ ರೀತಿ ಬೇರೆ. ರಾತ್ರಿ ಬೇಡ, ನೆಂಟರ ಮುಂದೆ ಬೇಡ. ಎದುರು ಕೂತು ಮುಖ ನೋಡುತ್ತ ಕೇಳಬೇಡಿ. ಕಾಳು ಹಸನು ಮಾಡುವಾಗ, ಬದಿಯಲ್ಲಿ ಕೂತು, ಘಟನೆ ಬಿಟ್ಟು ಜಾಗ ಕೇಳಿ: ‘ಅಪ್ಪಾ, ಹಳೇ ಮನಿ ಪಡಸಾಲಿ ಎತ್ತ ಇತ್ತು? ದನ ಎಲ್ಲಿ ಕಟ್ಟತಿದ್ರಿ? ಹಗೇವು ಎಲ್ಲಿತ್ತು?’ ಕಾಗದ, ಪೆನ್ಸಿಲು ಅವರ ಕೈಗೇ ಕೊಡಿ, ಮನೆ ಬರೆಯಲಿ. ಉತ್ತರ ಒಳಗಿಟ್ಟ ಪ್ರಶ್ನೆ ಬೇಡವೇ ಬೇಡ. ‘ಯಾರರ ಹೊಳ್ಯಾಗ ಹ್ವಾದ್ರೇನು?’ ಎಂದು ಕೇಳಿದರೆ ಆ ಚಿತ್ರ ನೀವು ಕೊಟ್ಟದ್ದಾಗುತ್ತದೆ. ‘ಆಮ್ಯಾಲ?’ ಎಂಬ ಒಂದೇ ಮಾತು ಸಾಕು. ಉಸಿರು ಜೋರಾದರೆ, ಮುಷ್ಟಿ ಬಿಗಿದರೆ, ನೋಟ ಒಂದೇ ಕಡೆ ನೆಟ್ಟರೆ ಅಲ್ಲಿಗೇ ನಿಲ್ಲಿಸಿ. ನೀರು ಕೊಡಿ, ಬರಿಗಾಲು ನೆಲಕ್ಕೂರಿ ಎನ್ನಿ, ಕೋಣೆಯಲ್ಲಿ ಕಾಣುವ ಐದು ಸಾಮಾನಿನ ಹೆಸರು ಹೇಳಿಸಿ. ಒಂದು ಸಲಕ್ಕೆ ಅರ್ಧ ತಾಸು ಮೀರಬೇಡಿ. ಅವರು ಹೇಳಲೇಬೇಕೆಂಬ ನಿಯಮವೂ ಇಲ್ಲ. ಆಘಾತವಾದವರನ್ನು ಒಂದೇ ಕೂತಲ್ಲಿ ಎಲ್ಲ ಹೇಳಿಸುವ ಪದ್ಧತಿ ಹಿಂದೆ ಇತ್ತು. ಗುಣವಾಗಲಿಲ್ಲ, ಕೆಲವರಿಗೆ ಹೆಚ್ಚಾಯಿತು ಎಂದು ಅದನ್ನು ಕೈಬಿಟ್ಟಿದ್ದಾರೆ.

ಪ್ರಶ್ನೆ: ನಮ್ಮ ತಾಯಿ ಬಾಲ್ಯದ ಬಗ್ಗೆ ಬಾಯಿ ಬಿಡುವುದಿಲ್ಲ. ಹಿಪ್ನಾಟಿಸಂ ಅಥವಾ ನಿಜ ಹೇಳಿಸುವ ಇಂಜೆಕ್ಷನ್ನಿನಿಂದ ತಿಳಿದುಕೊಳ್ಳಬಹುದೇ?
– ಬೆಳಗಾವಿ

ಉತ್ತರ: ಆಗದು. ಆ ಇಂಜೆಕ್ಷನ್ ಕೊಟ್ಟಾಗ ಮಾತು ಹೆಚ್ಚಾಗುತ್ತದೆ, ನಿಜ ಹೆಚ್ಚಾಗುವುದಿಲ್ಲ. ಕೇಳುವವರ ಮಾತಿಗೆ ಹೂಂಗುಟ್ಟುವ ಸ್ಥಿತಿ ಅದು. ಹಿಪ್ನಾಟಿಸಂನಲ್ಲಿ ಬಂದ ನೆನಪಿನ ಮೇಲೆ ಹೇಳುವವರ ಭರವಸೆ ಬೆಳೆಯುತ್ತದೆಯೇ ವಿನಾ ಅದು ಖರೆ ಎನ್ನುವಂತಿಲ್ಲ. ಆರೋಪಿಗೂ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡಬಾರದೆಂದು 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆತ್ತ ತಾಯಿಗೆ ಅಷ್ಟೂ ಹಕ್ಕು ಬೇಡವೇ? ಅವರು ವೈದ್ಯರಿಗೆ ಹೇಳಿಕೊಂಡರೂ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಅದು ಗೋಪ್ಯ. ಮಗನೆಂಬ ಕಾರಣಕ್ಕೆ ನಿಮಗೆ ತಿಳಿಸುವುದಿಲ್ಲ.

ಪ್ರಶ್ನೆ: ಕಾಲೇಜಿನ ವಾರ್ಷಿಕ ಸಂಚಿಕೆಗೆ ಕತೆ ಬರೆಯುತ್ತಿದ್ದೇನೆ. ಟೆಲಿಪತಿ ಬಲ್ಲ ಮಗಳು ತಂದೆಯ ಮನಸ್ಸಿಗೆ ಇಳಿದು ಹಳೆಯ ಆಘಾತ ಹುಡುಕುತ್ತಾಳೆ. ಒಳಗೆ ಏನು ಕಾಣಬೇಕು?
– ವಿಜಯಪುರ

ಉತ್ತರ: ಕತೆಯಲ್ಲಿ ಇಳಿಯಲಿ, ಅಡ್ಡಿಯಿಲ್ಲ. ಆದರೆ ಕೀಲಿ ಹಾಕಿದ ಕೋಣೆ, ಒಳಗೆ ಮೊದಲಿಂದ ಕೊನೆಯವರೆಗೆ ಓಡುವ ಸಿನೆಮಾ ಎಂದು ಬರೆದರೆ ಸುಳ್ಳಾಗುತ್ತದೆ. ಆಘಾತದ ನೆನಪು ಬರುವುದು ತುಂಡುತುಂಡಾಗಿ: ಹಸಿ ಮಣ್ಣಿನ ವಾಸನೆ, ಹಗ್ಗ ಉಜ್ಜಿ ಸುಲಿದ ಅಂಗೈ, ಯಾರದೋ ಕೂಗು. ಭಯದ ಹೊತ್ತಿನಲ್ಲಿ ಗಮನ ಒಂದೇ ವಸ್ತುವಿಗೆ ಅಂಟುತ್ತದೆ, ಸುತ್ತಲಿನದು ಅಳಿಸಿರುತ್ತದೆ. ಕುಡುಗೋಲಿನ ಹಲ್ಲು ಒಂದೊಂದೂ ಕಾಣಲಿ, ಅದನ್ನು ಹಿಡಿದವನ ಮುಖ ಇಲ್ಲದಿರಲಿ. ಕೆಲವು ನೆನಪುಗಳಲ್ಲಿ ತಂದೆ ತನ್ನನ್ನೇ ಹೊರಗಿನಿಂದ ನೋಡುತ್ತಿರುತ್ತಾನೆ. ಆಗ ಮಗಳು ತಾನು ಯಾರ ಕಣ್ಣಿನಿಂದ ನೋಡುತ್ತಿದ್ದೇನೆಂದು ಗೊಂದಲಗೊಳ್ಳಬೇಕು.

ಇನ್ನೊಂದು ಮುಖ್ಯ ಸಂಗತಿ. ಎಬ್ಬಿಸಿದ ನೆನಪು ಸ್ವಲ್ಪ ಹೊತ್ತು ಹಸಿಯಾಗಿದ್ದು ಮತ್ತೆ ಗಟ್ಟಿಯಾಗಬೇಕು. ಆ ನಡುವೆ ಅದು ಬದಲಾಗಬಲ್ಲದು. 2000ದಲ್ಲಿ ಕರೀಂ ನಾದರ್ ಮತ್ತು ಸಂಗಡಿಗರು ಇಲಿಗಳ ಭಯದ ನೆನಪನ್ನು ಎಬ್ಬಿಸಿ, ಮಿದುಳಿನಲ್ಲಿ ಹೊಸ ಪ್ರೋಟೀನ್ ಆಗದಂತೆ ತಡೆದಾಗ ಆ ಭಯ ಮತ್ತೆ ಗಟ್ಟಿಯಾಗಲಿಲ್ಲ. ಹಾಗಾಗಿ ನಿಮ್ಮ ಮಗಳು ಮುಟ್ಟಿದ ನೆನಪು ಮೊದಲಿನಂತೆ ಉಳಿಯಕೂಡದು. ಅವಳ ಸಿಟ್ಟು, ಅವಳ ಊಹೆ ಅದರೊಳಗೆ ಸೇರಲಿ. ಎರಡನೆಯ ಸಲ ಇಳಿದಾಗ ತನ್ನದೇ ದನಿ ಅಲ್ಲಿ ಕೇಳಿ ಅವಳು ಬೆಚ್ಚಿದರೆ ಕತೆ ಎದ್ದುನಿಲ್ಲುತ್ತದೆ.

ಯಂತ್ರದ ದಾರಿ ಬೇಕಾದರೆ, 2023ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದವರು ಮಿದುಳಿನ ಎಂಆರ್‌ಐ ಚಿತ್ರಗಳಿಂದ ಕೇಳಿದ ಕತೆಯ ಸಾರವನ್ನು ಮಾತಾಗಿಸಿದ್ದಾರೆ. ಅದಕ್ಕೆ ಒಬ್ಬೊಬ್ಬರೂ ಸುಮಾರು 16 ತಾಸು ಯಂತ್ರದೊಳಗೆ ಮಲಗಿ ಕತೆ ಕೇಳಬೇಕಾಯಿತು. ಒಬ್ಬರ ಮೇಲೆ ಪಳಗಿಸಿದ್ದು ಇನ್ನೊಬ್ಬರಿಗೆ ನಡೆಯಲಿಲ್ಲ. ಮನಸ್ಸಿನಲ್ಲಿ ಲೆಕ್ಕ ಮಾಡುತ್ತಲೋ ಪ್ರಾಣಿಗಳ ಹೆಸರು ನೆನೆಯುತ್ತಲೋ ಇದ್ದರೆ ಓದಲು ಆಗಲಿಲ್ಲ. ತಂದೆಯ ಕೈಗೆ ಈ ಉಪಾಯ ಕೊಡಿ: ಮಗಳು ಒಳಬಂದಳೆಂದು ತಿಳಿದ ಕೂಡಲೇ ಆತ ಏಳರ ಮಗ್ಗಿಯನ್ನು ತಿರುವುಮುರುವಾಗಿ ಹೇಳತೊಡಗಲಿ. ಎಪ್ಪತ್ತರಿಂದ ಏಳಕ್ಕೆ ಬರುವಷ್ಟರಲ್ಲಿ ಅವಳು ಹೊರಗೆ ಹೋಗುವಳೋ, ಅಲ್ಲಿಯೇ ಕೂತು ಕಾಯುವಳೋ, ಅದನ್ನು ನೀವು ತೀರ್ಮಾನಿಸಿ.