ತಾಮ್ರಪತ್ರ ಸಿಗದ ಬಂಡಾಯಗಳು

ಓದುಗರ ಪತ್ರ: ‘ಸಂಪಾದಕರೇ, ದಾವಣಗೆರೆ ಕಡೆಯ ವಿಧವೆ ತಾಯಿಯೊಬ್ಬರು ಮಗಳ ಮದುವೆಯಲ್ಲಿ ಕುಂಕುಮವಿಟ್ಟು, ಹೂ ಮುಡಿದು, ತಾವೇ ಧಾರೆ ಎರೆದ ಸಂಗತಿಯನ್ನು ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟಗಳಷ್ಟು ಬರೆಸಿ, ಅದನ್ನು ಬಂಡಾಯವೆಂದು ಕರೆದಿದ್ದೀರಿ. ನಾನು ಶಿಕಾರಿಪುರ ತಾಲ್ಲೂಕಿನವನು. ಈಸೂರಿನಲ್ಲಿ ಗಲ್ಲಿಗೇರಿದವರ ಕಥೆ ಕೇಳುತ್ತಲೇ ಬೆಳೆದವನು. ಹೂ ಮುಡಿದದ್ದೂ ಬಂಡಾಯ, ನೇಣಿಗೆ ಕೊರಳೊಡ್ಡಿದ್ದೂ ಬಂಡಾಯ ಎಂದರೆ ಎರಡಕ್ಕೂ ಬೆಲೆಯಿಲ್ಲದಂತಾಗುತ್ತದೆ. ಮನೆಯೊಳಗಿನ ಹಟಗಳನ್ನು ಮನೆಯೊಳಗೇ ಬಿಟ್ಟು ಪತ್ರಿಕೆ ದೊಡ್ಡ ಸಂಗತಿಗಳತ್ತ ಗಮನ ಕೊಡಲಿ.’ — ನಿವೃತ್ತ ಪ್ರೌಢಶಾಲಾ ಶಿಕ್ಷಕ, ಶಿವಮೊಗ್ಗ ಜಿಲ್ಲೆ

ಸಂಪಾದಕರ ಉತ್ತರ:

ಮಾನ್ಯ ಮೇಷ್ಟ್ರೇ, ನಿಮ್ಮ ಪತ್ರದ ಅಕ್ಷರ ದುಂಡಗಿದೆ, ವಾದ ಚೂಪಾಗಿದೆ. ಒಂದು ಮಾತನ್ನು ಮೊದಲೇ ಒಪ್ಪಿಬಿಡುತ್ತೇನೆ. ಈಸೂರಿನ ಐವರು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿದರು. ಪ್ರಾಣ ಕೊಟ್ಟವರ ತ್ಯಾಗವನ್ನು ಬೇರೆ ಯಾವುದರ ಜೊತೆಗೂ ತೂಗಿ ನೋಡಬಾರದು, ತೂಗುವ ಉದ್ದೇಶ ನಮಗೂ ಇರಲಿಲ್ಲ. ಆದರೆ ಮನೆಯೊಳಗಿನ ಹಟವನ್ನು ಮನೆಯೊಳಗೇ ಬಿಡಿ ಎಂದು ನೀವು ಹೇಳಿದ್ದೀರಲ್ಲ, ಆ ಮಾತಿಗೆ ಸುಮ್ಮನಿರುವುದು ನನ್ನಿಂದಾಗದು.

ಈಸೂರಿನಿಂದಲೇ ಹೊರಡೋಣ. 1942ರ ಸೆಪ್ಟೆಂಬರ್‌ನಲ್ಲಿ ಆ ಊರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿತು. ಕಂದಾಯಕ್ಕೆಂದು ಬಂದವರ ಕೈಯಿಂದ ಲೆಕ್ಕದ ಪುಸ್ತಕಗಳನ್ನು ಹುಡುಗರು ಕಿತ್ತುಕೊಂಡರು. ಮೀಸೆ ಮೂಡದ ಇಬ್ಬರು ಹುಡುಗರಲ್ಲಿ ಒಬ್ಬ ಅಮಲ್ದಾರನಾದ, ಇನ್ನೊಬ್ಬ ಸಬ್ ಇನ್ಸ್‌ಪೆಕ್ಟರ್ ಆದ. ನಿಜವಾದ ಅಮಲ್ದಾರರು ಪೊಲೀಸರೊಂದಿಗೆ ಊರಿಗೆ ಬಂದಾಗ ಜನ ಅವರ ಮುಂದಿಟ್ಟ ಬೇಡಿಕೆ ಏನೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು: ಖಾದಿ ಟೋಪಿ ಹಾಕಿಕೊಳ್ಳಿ ಎಂಬುದು. ಮುಂದಿನ ಘರ್ಷಣೆ, ಗುಂಡೇಟು, ಅಧಿಕಾರಿಗಳ ಸಾವು, ಪೊಲೀಸರ ದಾಳಿ, ಊರಿಗೆ ಊರೇ ಕಾಡು ಸೇರಿದ್ದು, ಕೊನೆಗೆ ನೇಣು, ಇವೆಲ್ಲ ಆದದ್ದು ಆ ಟೋಪಿಯ ಮಾತಿನ ನಂತರ. ತಲೆಯ ಮೇಲೆ ಟೋಪಿ ಇಡುವುದು ದೊಡ್ಡ ಸಂಗತಿಯೋ ಚಿಕ್ಕ ಸಂಗತಿಯೋ ಎಂದು ಅಂದು ಯಾರಾದರೂ ನಿಮ್ಮ ಹಾಗೆ ಕೇಳಿದ್ದರೆ ಊರಿನವರು ನಕ್ಕುಬಿಡುತ್ತಿದ್ದರು.

ನಿಮ್ಮದೇ ಜಿಲ್ಲೆಯ ಕಾಗೋಡನ್ನು ನೋಡಿ. 1951ರ ರೈತ ಸತ್ಯಾಗ್ರಹ ಎಂದೊಡನೆ ನಮಗೆ ಶಾಂತವೇರಿ ಗೋಪಾಲಗೌಡರು, ಎಚ್. ಗಣಪತಿಯಪ್ಪನವರು, ಬಂದು ಬಂಧನಕ್ಕೊಳಗಾದ ಸಮಾಜವಾದಿ ನಾಯಕ ಲೋಹಿಯಾ ನೆನಪಾಗುತ್ತಾರೆ, ಆಗಲೇಬೇಕು. ಆದರೆ ಜಗಳ ಹುಟ್ಟಿದ್ದು ಕೊಳಗದಿಂದ. ಗೇಣಿ ಭತ್ತ ಅಳೆಯಲು ಒಡೆಯರ ಕಣದಲ್ಲಿ ಇರುತ್ತಿದ್ದ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದು. ಅಳತೆ ಸರಿಯಿಲ್ಲ ಎಂದು ಕಣದಲ್ಲಿ ನಿಂತು ಮೊದಲು ಬಾಯಿಬಿಟ್ಟ ಗೇಣಿದಾರ ಯಾರು, ಅವನ ಹೆಸರೇನು, ಆ ರಾತ್ರಿ ಅವನ ಮನೆಯಲ್ಲಿ ಏನಾಯಿತು ಎಂಬುದನ್ನು ಯಾವ ಪುಸ್ತಕವೂ ನನಗೆ ಹೇಳಿಲ್ಲ. ಗೇಣಿದಾರರಾದ ದೀವರ ಸಮುದಾಯದವರು ಮೊಣಕಾಲಿನಿಂದ ಕೆಳಗೆ ಪಂಚೆ ಬಿಡುವಂತಿರಲಿಲ್ಲ ಎಂದು ಆ ಕಾಲದ ನೆನಪು ಬರೆದವರು ಹೇಳುತ್ತಾರೆ. ಹಾಗಿದ್ದರೆ ಒಂದು ಬೆಳಿಗ್ಗೆ ಯಾವನೋ ಒಬ್ಬ ಯುವಕ ಪಂಚೆಯನ್ನು ಒಂದು ಗೇಣು ಕೆಳಗಿಳಿಸಿ ಉಟ್ಟು, ಒಡೆಯರ ಅಂಗಳದ ಮುಂದೆ ನಡೆದುಹೋಗಿರಲೇಬೇಕು. ಲೋಹಿಯಾ ಬಂದದ್ದು ಅದಾದ ಎಷ್ಟೋ ಕಾಲದ ಮೇಲೆ. ಉಳುವವನೇ ಹೊಲದೊಡೆಯ ಎಂಬ ಕಾನೂನು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದದ್ದಂತೂ ಇನ್ನೂ ತಡವಾಗಿ.

ಇಲ್ಲಿ ನನ್ನ ಚಿಕ್ಕಜ್ಜಿಯೊಬ್ಬರ ವಿಷಯ ಹೇಳಬೇಕು. ನನ್ನ ಅಜ್ಜಿಯ ತಂಗಿ. ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡು, ಕೆಂಪು ಸೀರೆಯುಟ್ಟು, ತಲೆ ಬೋಳಿಸಿಕೊಂಡು ತವರಿಗೆ ಬಂದವರು. ತಿಂಗಳಿಗೊಮ್ಮೆ ಕ್ಷೌರಿಕರು ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಒಂದು ಸಲ ಅವರು ಬಂದು ಕೂತಾಗ ಚಿಕ್ಕಜ್ಜಿ ಬಚ್ಚಲುಮನೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡರು. ಅತ್ತಿಗೆ ಕರೆದರು, ಅಣ್ಣ ಗದರಿದರು. ಒಳಗಿನಿಂದ ಹಂಡೆಯ ನೀರು ಮೊಗೆದು ಸುರಿಯುವ ಸದ್ದು ಬಿಟ್ಟರೆ ಮಾತಿಲ್ಲ. ಕ್ಷೌರಿಕರು ಕೊಟ್ಟ ಕಾಫಿ ಕುಡಿದು ಎದ್ದುಹೋದರು. ಮರುತಿಂಗಳೂ ಹೀಗೇ ಆಯಿತು. ಅದಾದ ಮೇಲೆ ಮನೆಯ ಯಜಮಾನರು ಅವರನ್ನು ಬರಹೇಳುವುದನ್ನೇ ನಿಲ್ಲಿಸಿದರು. ಭಾಷಣವಿಲ್ಲ, ಕಣ್ಣೀರಿಲ್ಲ, ರಾಜಿ ಪಂಚಾಯಿತಿಯೂ ಇಲ್ಲ. ನಾನು ಕಂಡ ಚಿಕ್ಕಜ್ಜಿಗೆ ಸೆರಗಿನಡಿ ನರೆತ ಗಂಟು ಇತ್ತು. ಸಂಜೆ ಜಗಲಿಯಲ್ಲಿ ಕೂತು ಮರದ ಬಾಚಣಿಗೆಯಿಂದ ಅದನ್ನು ಬಿಡಿಸಿ ಕಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ಈ ಕಥೆ ಹೇಳುವಾಗ ಇವತ್ತಿಗೂ ‘ಆಮೇಲೆ ಅವರು ಕೂದಲು ಬಿಟ್ಟರು’ ಎಂದಷ್ಟೇ ಹೇಳಿ ಮುಂದಿನ ಮಾತಿಗೆ ಹೋಗುತ್ತಾರೆ.

ಬೀದಿಯ ಹೋರಾಟದಲ್ಲಿ ಎದುರಾಳಿ ಹೊರಗಿನವನು, ಪಕ್ಕದಲ್ಲಿ ಜೊತೆಗಾರರಿರುತ್ತಾರೆ, ಜೈಲಿನಿಂದ ಹೊರಬಂದರೆ ಹಾರ ಕಾದಿರುತ್ತದೆ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ, 1972ರಲ್ಲಿ, ಸರ್ಕಾರ ಹೋರಾಟಗಾರರಿಗೆ ತಾಮ್ರಪತ್ರ ಕೊಟ್ಟಿತು, ಪಿಂಚಣಿಯನ್ನೂ ಆರಂಭಿಸಿತು. ಕೊಟ್ಟದ್ದು ನ್ಯಾಯವೇ. ಬಚ್ಚಲುಮನೆಯ ಅಗಳಿ ಹಾಕಿಕೊಂಡವಳು ಮಾತ್ರ ಅಗಳಿ ತೆಗೆದು ಹೊರಗೆ ಬಂದಾಗ ಕಾಣಬೇಕಾದದ್ದು ಅದೇ ಅಣ್ಣನ ಮುಖ, ಉಣ್ಣಬೇಕಾದದ್ದು ಅದೇ ಅತ್ತಿಗೆ ಬಡಿಸಿದ ಅನ್ನ. ವಿರೋಧಿಸಿದವರ ನೆರಳಲ್ಲೇ ಬದುಕಬೇಕಾದ ಈ ಕಷ್ಟವನ್ನು ನಮ್ಮ ಚರಿತ್ರೆಕಾರರು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂಬುದು ನನ್ನ ಹಳೆಯ ತಕರಾರು.

ಒಬ್ಬನೇ ಮನುಷ್ಯನಲ್ಲಿ ಎರಡೂ ಇದ್ದಾಗಲಂತೂ ನಮ್ಮ ಪಕ್ಷಪಾತ ಚೆನ್ನಾಗಿ ಬಯಲಾಗುತ್ತದೆ. ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ್ದನ್ನು ನಾವು ಶಾಲಾ ಮಕ್ಕಳಿಗೂ ಹೇಳಿಕೊಡುತ್ತೇವೆ. ಕೋಟದ ಬ್ರಾಹ್ಮಣರ ಮನೆಯ ಅದೇ ಕಾರಂತರು 1936ರಲ್ಲಿ ಬಂಟರ ಹುಡುಗಿ ಲೀಲಾ ಅವರನ್ನು ಮದುವೆಯಾದದ್ದನ್ನು ಜೀವನಚರಿತ್ರೆಯ ಒಂದು ಸಾಲಾಗಿ ದಾಟಿಬಿಡುತ್ತೇವೆ. ಪದಕ ಹಿಂದಿರುಗಿಸಲು ಗಟ್ಟಿತನ ಬೇಕು, ಇಲ್ಲವೆನ್ನುವುದಿಲ್ಲ. ಆದರೆ 1936ರ ದಕ್ಷಿಣ ಕನ್ನಡದಲ್ಲಿ ಆ ಮದುವೆಯಾಗಿ, ಅದೇ ಸೀಮೆಯಲ್ಲಿ ಮನೆ ಮಾಡಿ, ನೆಂಟರ ನಡುವೆಯೇ ಬಾಳಲು ಬೇಕಾದ ಗಟ್ಟಿತನ ಅದಕ್ಕಿಂತ ಕಡಿಮೆಯದೆಂದು ನನಗೆ ಯಾರೂ ನಂಬಿಸಲಾರರು. ಲೀಲಾ ಅವರ ಕಡೆಯಿಂದ ನೋಡಿದರೆ ಇನ್ನೂ ಹೆಚ್ಚು.

ಕಥೆಗಾರ್ತಿ ಕೊಡಗಿನ ಗೌರಮ್ಮನವರನ್ನು ನೆನೆಯಿರಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಗಂಡ ಕೆಲಸಕ್ಕಿದ್ದ ಕಾಫಿ ತೋಟದಲ್ಲಿ ವಾಸವಾಗಿದ್ದ ಇನ್ನೂ ಇಪ್ಪತ್ತೆರಡು ತುಂಬದ ಈ ಹೆಣ್ಣುಮಗಳು, ಗಾಂಧೀಜಿ ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತರು. ಗಾಂಧೀಜಿ ಬಂದರು; ಗೌರಮ್ಮ ಮಾಂಗಲ್ಯ, ಓಲೆ, ಮೂಗುಬೊಟ್ಟು ಉಳಿಸಿಕೊಂಡು ಮಿಕ್ಕ ಚಿನ್ನವನ್ನೆಲ್ಲ ಹರಿಜನ ನಿಧಿಗೆ ಕೊಟ್ಟರು. ದೇಶಕ್ಕೆ ಉಪವಾಸ ಕಲಿಸಿದವರ ಎದುರಿಗೇ ಉಪವಾಸ ಕೂತ ಈ ಜಾಣತನಕ್ಕೆ ನಾನು ಎಂದೂ ಮನಸೋತವನು. ಆ ಕಾಲದಲ್ಲಿ ಚಿನ್ನ ಹೆಣ್ಣಿನ ಕೈಯಲ್ಲಿದ್ದ ಏಕೈಕ ಆಸ್ತಿ ಎಂಬುದನ್ನೂ ಮರೆಯಬಾರದು.

ನಂಜನಗೂಡಿನ ತಿರುಮಲಾಂಬ ಅವರದು ಇನ್ನೂ ಸೂಕ್ಷ್ಮ. ಬಾಲವಿಧವೆ. 1910ರ ದಶಕದಲ್ಲಿ ತಮ್ಮದೇ ‘ಸತೀಹಿತೈಷಿಣೀ’ ಗ್ರಂಥಮಾಲೆ ತೆಗೆದರು, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಅವರ ಬರಹ ಓದಿದರೆ ಬಂಡಾಯದ ವಾಸನೆ ಅಷ್ಟಾಗಿ ಹೊಡೆಯುವುದಿಲ್ಲ. ಪತಿವ್ರತಾಧರ್ಮದ ಉಪದೇಶವೇ ಹೆಚ್ಚು. ಹಾಗೆಂದೇ ನಮ್ಮ ವಿಮರ್ಶಕರು ಬಹುಕಾಲ ಅವರನ್ನು ಬದಿಗಿಟ್ಟರು. ಆದರೆ ಯಾರ ಎದುರಿಗೂ ಬರಬಾರದೆಂದು ಸಮಾಜ ಒಳಮನೆಗೆ ತಳ್ಳಿದ್ದ ಹೆಂಗಸು ಕರಡು ತಿದ್ದಿ, ಚಂದಾ ಲೆಕ್ಕ ಬರೆದು, ಅಂಚೆಗೆ ಹಾಕಿ, ತನ್ನ ಹೆಸರಿನಲ್ಲೇ ಪತ್ರಿಕೆಯನ್ನು ಮನೆಮನೆಗೆ ಕಳಿಸಿದಳು ಎಂಬುದು ಅವರು ಬರೆದ ಯಾವ ಉಪದೇಶಕ್ಕಿಂತಲೂ ದೊಡ್ಡ ಮಾತು. ಪತ್ರಿಕೆ ನಡೆಸುವ ಕಷ್ಟ ಬಲ್ಲವನಾದ್ದರಿಂದ ಇದನ್ನು ಸ್ವಲ್ಪ ಒತ್ತಿಯೇ ಹೇಳುತ್ತಿದ್ದೇನೆ.

ಕಾನೂನು ಬಂದಿದೆಯಲ್ಲ, ಇನ್ನೇಕೆ ಈ ಗದ್ದಲ ಎಂದು ನೀವು ಕೇಳಬಹುದು. ವಿಧವಾ ವಿವಾಹಕ್ಕೆ ಬ್ರಿಟಿಷ್ ಇಂಡಿಯಾದಲ್ಲಿ ಕಾನೂನು ಒಪ್ಪಿಗೆ ಕೊಟ್ಟದ್ದು 1856ರಲ್ಲಿ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದಾಗ ಅದು ದೇಶದ ಸುದ್ದಿಯಾಯಿತು. ಅಂದರೆ ಅಲ್ಲಿಯವರೆಗೆ ಅದು ಊಹೆಗೂ ನಿಲುಕದ ಮಾತಾಗಿತ್ತು. ನಮ್ಮ ಗಡಿಯಾಚೆಗೇ, ಕೊಲ್ಹಾಪುರ ಜಿಲ್ಲೆಯ ಹೆರವಾಡ ಗ್ರಾಮ ಪಂಚಾಯಿತಿ 2022ರಲ್ಲಿ ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳನ್ನು ನಿಲ್ಲಿಸಬೇಕೆಂದು ನಿರ್ಣಯ ಮಾಡಿತು. ಮಹಾರಾಷ್ಟ್ರ ಸರ್ಕಾರ ಅದನ್ನೇ ಮಾದರಿಯಾಗಿಟ್ಟು ಸುತ್ತೋಲೆ ಹೊರಡಿಸಿತು. ಬಹಳ ಸಂತೋಷ. ಆದರೆ ನಿರ್ಣಯಕ್ಕೆ ಕೈ ಎತ್ತುವವರು ಹತ್ತಾರು ಜನ. ಹದಿಮೂರನೆಯ ದಿನ ಕಳೆದ ಮೇಲೆ ಹಣೆಗೆ ಕುಂಕುಮವಿಟ್ಟು ನೀರಿಗೆ ಹೋಗಬೇಕಾದವಳು ಒಬ್ಬಳೇ. ನೀವು ಹಟವೆಂದು ಕರೆದದ್ದು ಆ ಒಬ್ಬಳ ನಡಿಗೆಯನ್ನು.

ಮನೆಯೊಳಗಿನ ಬಂಡಾಯವೆಲ್ಲ ಪವಿತ್ರ, ಅದರಲ್ಲಿ ನಗು ಬರುವಂಥದ್ದಿಲ್ಲ ಎಂದೇನೂ ನಾನು ಹೇಳುತ್ತಿಲ್ಲ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದೆ, ಅದ್ದೂರಿಯಿಲ್ಲದೆ ಮಾಡಿ ಮಂತ್ರಮಾಂಗಲ್ಯಕ್ಕೆ ದಾರಿ ತೋರಿಸಿದರು; ಮುಂದೆ ರೈತಸಂಘದವರು ಅದನ್ನು ಹಳ್ಳಿಗಳಿಗೆ ಒಯ್ದರು. ಚಿಕ್ಕಮಗಳೂರು ಕಡೆ ಅಂಥದೊಂದು ಮದುವೆಗೆ ಹೋಗಿದ್ದೆ. ವಧೂವರರು ಪ್ರತಿಜ್ಞೆ ಓದಲು ಸಿದ್ಧರಾಗಿದ್ದರು. ವರನ ಅಜ್ಜಿ ಮಾತ್ರ ಹೊರಗೆ ಬರಲೊಲ್ಲರು. ನೋಡಿದರೆ, ಅಡುಗೆಮನೆಯ ಮೂಲೆಯಲ್ಲಿ ದೀಪ ಹಚ್ಚಿ, ಪಂಚಾಂಗ ತೆರೆದಿಟ್ಟುಕೊಂಡು, ಮೊಮ್ಮಗನ ಹಳೆಯ ಕೈಗಡಿಯಾರ ನೋಡುತ್ತ ಕೂತಿದ್ದಾರೆ. ರಾಹುಕಾಲ ಕಳೆಯುವವರೆಗೆ ‘ಕಾಲು ಹಿಡಿದುಕೊಂಡಿದೆ’ ಎಂದು ಕೂತೇ ಇದ್ದರು. ಅಜ್ಜಿಯಿಲ್ಲದೆ ಶುರುಮಾಡುವ ಧೈರ್ಯ ಕ್ರಾಂತಿಕಾರಿ ಮೊಮ್ಮಗನಿಗೂ ಇರಲಿಲ್ಲ. ಬಂಡಾಯಗಾರರ ವಿರುದ್ಧವೂ ಮನೆಯೊಳಗೊಂದು ಬಂಡಾಯ ನಡೆಯುತ್ತದೆ. ಅಜ್ಜಿಯ ನಂಬಿಕೆ ನನಗೆ ಒಪ್ಪಿಗೆಯಿಲ್ಲ, ಆದರೆ ಅವರ ಮೇಲೆ ಗೌರವ ಹುಟ್ಟಿತು.

ನನ್ನ ಸಿಟ್ಟಿರುವುದು ಬೇರೆಯವರ ಮೇಲೆ. ಚುನಾವಣೆ ಬಂತೆಂದರೆ ಟಿಕೆಟ್ ತಪ್ಪಿದವರ ಬಂಡಾಯಕ್ಕೆ ದಿನಪತ್ರಿಕೆಗಳ ಮುಖಪುಟವೇ ಮೀಸಲು. ಬೆಳಿಗ್ಗೆ ಬಂಡೆದ್ದವರು ಸಂಜೆಗೆ ನಿಗಮದ ಅಧ್ಯಕ್ಷಗಿರಿಯ ಭರವಸೆ ಪಡೆದು ನಾಮಪತ್ರ ಹಿಂದೆಗೆದುಕೊಳ್ಳುತ್ತಾರೆ. ಫೇಸ್‌ಬುಕ್‌ನಲ್ಲಿ ಜಾತಿಯ ವಿರುದ್ಧ ಬೆಂಕಿಯುಗುಳುವ ಮಹನೀಯರು ಮಗಳಿಗೆ ಗಂಡು ಹುಡುಕುವಾಗ ಒಳಪಂಗಡವನ್ನೂ ಬಿಡದೆ ವಿಚಾರಿಸುತ್ತಾರೆ. ನಮ್ಮ ಕಚೇರಿಗೇ ಸಮಾಜ ಸುಧಾರಣೆಯ ಮೇಲೆ ಉದ್ದುದ್ದ ಲೇಖನ ಕಳಿಸುತ್ತಿದ್ದವರೊಬ್ಬರು ತಮ್ಮ ಮನೆಯ ಮದುವೆಗೆ ಕರೆದಿದ್ದರು. ಅಲ್ಲಿ ಅವರ ವಿಧವೆ ಅಕ್ಕ ಧಾರೆಯ ಹೊತ್ತಿನಲ್ಲಿ ಉಗ್ರಾಣದ ಬಾಗಿಲಿನ ಸಂದಿಯಿಂದ ನೋಡುತ್ತ ನಿಂತಿದ್ದರು, ಕೈಯಲ್ಲಿ ವೀಳ್ಯದೆಲೆಯ ಕಟ್ಟು ಹಿಡಿದುಕೊಂಡು. ಅಂಥವರ ಲೇಖನಕ್ಕೆ ನಾಲ್ಕು ಪುಟ ಕೊಟ್ಟಿದ್ದರೆ ನೀವು ಆಕ್ಷೇಪಿಸುತ್ತಿರಲಿಲ್ಲ. ಬಾಗಿಲಿನ ಸಂದಿಯಿಂದ ಮಂಟಪಕ್ಕೆ ನಡೆದುಬಂದವರಿಗೆ ಕೊಟ್ಟಾಗ ಕಾಗದ ದಂಡವಾಯಿತು ಎನ್ನುತ್ತೀರಿ. ಜನಿವಾರ ಒಲ್ಲೆನೆಂದು ಮನೆ ಬಿಟ್ಟ ಬಾಗೇವಾಡಿಯ ಹುಡುಗನ ಪಾಠವನ್ನು ತರಗತಿಯಲ್ಲಿ ವರ್ಷವರ್ಷವೂ ಮಾಡಿದ ಮೇಷ್ಟರು ಹೀಗೆನ್ನಬಹುದೇ? ಅದೂ ಮನೆಯೊಳಗಿನ ಹಟದಿಂದಲೇ ಹೊರಟ ಕಥೆ.

ಇಷ್ಟು ಗದರಿದ ಮೇಲೆ ಇನ್ನೊಂದು ವಿಷಯ. ನಿಮ್ಮ ಪತ್ರದಲ್ಲಿ ಸಹಿಯ ಕೆಳಗೆ ಎರಡು ಸಾಲುಗಳಿದ್ದವು; ಜಾಗ ಸಾಲದೆ ಅವನ್ನು ಮೇಲೆ ಅಚ್ಚುಮಾಡಿಲ್ಲ. ನಿಮ್ಮ ಮದುವೆಯಲ್ಲಿ ವರದಕ್ಷಿಣೆ ಬೇಡವೆಂದು ನೀವು ಪಟ್ಟುಹಿಡಿದದ್ದರಿಂದ ತಂದೆಯವರು ಎರಡು ವರ್ಷ ನಿಮ್ಮೊಡನೆ ಮಾತು ಬಿಟ್ಟಿದ್ದರೆಂದೂ, ‘ಅಂಥದ್ದನ್ನೆಲ್ಲ ನಾನೆಂದೂ ಬಂಡಾಯವೆಂದು ಹೇಳಿಕೊಂಡವನಲ್ಲ’ ಎಂದೂ ಬರೆದಿದ್ದೀರಿ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿತ್ತು. ಕಾನೂನು ನಿಮ್ಮ ಬೆನ್ನಿಗಿದ್ದರೂ ತಂದೆಯ ಮೌನವನ್ನು ಅದೇನೂ ಕಡಿಮೆ ಮಾಡಲಿಲ್ಲವಲ್ಲ. ದಯವಿಟ್ಟು ಅದನ್ನೇ ವಿಸ್ತಾರವಾಗಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಬಿಟ್ಟಿರುತ್ತೇನೆ; ಹೆಸರು ಬೇಡವೆಂದರೆ ಹಾಕುವುದಿಲ್ಲ. ಆದರೆ ನೀವೊಬ್ಬರೇ ಕೂತು ಬರೆಯಬೇಡಿ, ನಿಮ್ಮ ಶ್ರೀಮತಿಯವರನ್ನೂ ಕೇಳಿ ಅವರ ಮಾತನ್ನೂ ಸೇರಿಸಿ. ನೀವು ಶಾಲೆಗೆ ಹೋಗಿಬಿಡುತ್ತಿದ್ದಿರಿ. ಬರಿಗೈಯಲ್ಲಿ ಬಂದ ಸೊಸೆ ಎಂಬ ಮಾತನ್ನು ಆ ಎರಡು ವರ್ಷ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡವರು ಅವರೇ ಇರಬೇಕು.