ಬೇಸಿಗೆ ರಜೆಯಲ್ಲಿ ಹರಿಹರದ ಹೊಳೆ ದಂಡೆಗೆ ಮದ್ಯ ತರುವುದನ್ನು ತಡೆಯಲು ಆಗುತ್ತದೆಯೇ?

ಆಗುತ್ತದೆ, ಹೊಸ ಕಾನೂನೇನೂ ಬೇಡ. ಸಾರ್ವಜನಿಕ ಜಾಗದಲ್ಲಿ ಕುಡಿಯುವುದು ಕರ್ನಾಟಕ ಅಬಕಾರಿ ಕಾಯ್ದೆ 1965ರ 15(ಎ) ಪ್ರಕಾರ ಈಗಲೂ ತಪ್ಪೇ. ಆದರೆ ಅದು ಕುಡಿದ ಮೇಲಿನ ಕೇಸು. ದಂಡೆಗೆ ಬಾಟಲಿ ತರುವುದನ್ನೇ ತಡೆಯಬೇಕಾದರೆ ಜಿಲ್ಲಾಧಿಕಾರಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 163ನೇ ಸೆಕ್ಷನ್‌ನಡಿ (ಹಳೇ 144ನೇ ಸೆಕ್ಷನ್) ನಿಷೇಧದ ಆದೇಶ ಹೊರಡಿಸಬೇಕು. ಅದರ ಅವಧಿ ಗರಿಷ್ಠ 2 ತಿಂಗಳು, ಏಪ್ರಿಲ್–ಮೇ ರಜೆಗೆ ಸರಿಯಾಗಿ ಸಾಕು.

ಎಡವುವುದು ಎಲ್ಲಿ ಗೊತ್ತೇ? ತುಂಗಭದ್ರೆಯ ಈ ದಡ ದಾವಣಗೆರೆ ಜಿಲ್ಲೆ, ಆ ದಡದ ಕುಮಾರಪಟ್ಟಣ ಹಾವೇರಿ ಜಿಲ್ಲೆ. ಒಬ್ಬರೇ ಆದೇಶ ಮಾಡಿದರೆ ಜನ ಸೇತುವೆ ದಾಟಿ ಅಲ್ಲಿ ಕೂರುತ್ತಾರೆ. ಎರಡೂ ಜಿಲ್ಲೆಗಳ ಆದೇಶ ಒಂದೇ ದಿನ ಜಾರಿಯಾಗಬೇಕು. ಹತ್ತಿರದ ಅಂಗಡಿ ಮುಚ್ಚಿಸಿದರೂ ಲಾಭ ಕಡಿಮೆ, ದಾವಣಗೆರೆಯಿಂದಲೇ ತರುತ್ತಾರೆ. ತಪಾಸಣೆ ಹೊಳೆಗಿಳಿಯುವ ದಾರಿಯಲ್ಲೇ ನಡೆಯಲಿ. ಬಾಟಲಿ ಮಾತ್ರ ನೋಡಿದರೆ ಸಾಲದು, 90 ಎಂಎಲ್ ಟೆಟ್ರಾ ಪ್ಯಾಕ್ ಪ್ಯಾಂಟಿನ ಜೇಬಿನಲ್ಲೇ ಕೂರುತ್ತದೆ.

ಬೇಸಿಗೆಯಲ್ಲಿ ನೀರು ಕಡಿಮೆ, ಅಪಾಯವೂ ಕಡಿಮೆ ಎಂಬುದು ತಪ್ಪು ಲೆಕ್ಕ. ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ. ಮೊಣಕಾಲುದ್ದದ ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಆಳು ಮುಳುಗುವಷ್ಟು ಆಳ. ಕುಡಿದವನಿಗೆ ಒಳಕಿವಿಯ ಸಮತೋಲನ ತಪ್ಪಿರುತ್ತದೆ, ನೀರೊಳಗೆ ಮೇಲೆ ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲ. ಹಾಗಾಗಿ ಈಜು ಬಲ್ಲವರೂ ಮುಳುಗುತ್ತಾರೆ.

ಯಾರಾದರೂ ಮುಳುಗುತ್ತಿದ್ದರೆ ಹಿಂದೆ ಹಾರಬೇಡಿ, ಕುಡಿದಿದ್ದರಂತೂ ಬೇಡವೇ ಬೇಡ. ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆದು 112ಕ್ಕೆ ಕರೆ ಮಾಡಿ.