ಬಿಡಿ ಮೇಡಂ, ನಾನೇ ಮಾಡ್ತೀನಿ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದದ್ದು ರಾತ್ರಿ ನಿದ್ದೆ ಬರುವುದಿಲ್ಲ ಎಂದು. ವಯಸ್ಸು 54. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಕೂತು ಹತ್ತು ನಿಮಿಷ ಆಗಿರಲಿಲ್ಲ, ಬ್ಯಾಗಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಸ್ವಯಂ ನಿವೃತ್ತಿಯ ಅರ್ಜಿ. ಮುತ್ತಿನಂಥ ಅಕ್ಷರ. ತಾರೀಕು ಮಾತ್ರ ಹಾಕಿರಲಿಲ್ಲ.

"ಪಾಠ ಮಾಡೋದಕ್ಕೆ ಬೇಜಾರಿಲ್ಲ. ಈ ಮೊಬೈಲು, ಆ ಟಿವಿ ನನ್ನಿಂದ ಆಗಲ್ಲ. ದಿನಾ ಅವಮಾನ."

ದಿನಾ ಎಂದವರನ್ನು ಯಾವ ದಿನ ಎಂದು ಕೇಳುವುದು ನನ್ನ ಅಭ್ಯಾಸ. ಕೇಳಿದಾಗ ಒಂದು ದಿನ ಹೊರಗೆ ಬಂತು. ದಾನಿಗಳು ಶಾಲೆಗೆ ಸ್ಮಾರ್ಟ್ ಟಿವಿ ಕೊಟ್ಟಿದ್ದರು. ಟೀಚರ್ ಹಿಂದಿನ ರಾತ್ರಿ ಮಗನ ಕೈಕಾಲು ಹಿಡಿದು ಹೃದಯದ ಪಾಠದ ವಿಡಿಯೋವನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡಿದ್ದರು. ತರಗತಿಯಲ್ಲಿ ಚುಚ್ಚಿದರೆ ಪರದೆಯ ಮೇಲೆ 'ನೋ ಸಿಗ್ನಲ್'. ರಿಮೋಟಿನ ಗುಂಡಿ ಒಂದೊಂದಾಗಿ ಒತ್ತಿದರು. ಕೊನೆಯ ಬೆಂಚಿನ ಹುಡುಗ ಎದ್ದು ಬಂದ. "ಮಿಸ್, ಸೋರ್ಸ್ ಬದಲಿಸ್ಬೇಕು" ಅಂದ. ಎರಡು ಸಲ ಒತ್ತಿದ, ಚಿತ್ರ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು, ಒಂದಿಬ್ಬರು ನಕ್ಕರು. ಆದದ್ದು ಅಷ್ಟೇ. ಆದರೆ ಅವತ್ತಿನಿಂದ ಆ ಟಿವಿಗೆ ಅವರ ಪೀರಿಯಡ್ಡಿನಲ್ಲಿ ಬಟ್ಟೆ ಮುಚ್ಚಿಯೇ ಇತ್ತು.

ಉಳಿದದ್ದು ನಿಧಾನಕ್ಕೆ ಬಂತು. ಸ್ಯಾಟ್ಸ್ ಎಂಬ ಇಲಾಖೆಯ ಪೋರ್ಟಲ್ಲಿನಲ್ಲಿ ಮಕ್ಕಳ ವಿವರ ತುಂಬಬೇಕೆಂದರೆ ಪಕ್ಕದ ಯುವ ಮೇಷ್ಟ್ರು "ಬಿಡಿ ಮೇಡಂ, ನಾನೇ ಮಾಡ್ತೀನಿ" ಎಂದು ಫೋನು ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಮಗ, "ಅಮ್ಮಾ, ನಿಂಗೊತ್ತಾಗಲ್ಲ, ಕೊಡಿಲ್ಲಿ." 2020ರಲ್ಲಿ ಶಾಲೆ ಮುಚ್ಚಿದಾಗ ವಿದ್ಯಾಗಮ ಎಂದು ಅರಳಿಕಟ್ಟೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದ್ದರು, ಅದನ್ನು ಹೇಳುವಾಗ ಮುಖ ಅರಳಿತು. ಆಮೇಲೆ ಬಂತು ದೀಕ್ಷಾ ಆ್ಯಪ್‌ನಲ್ಲಿ ನಿಷ್ಠಾ ಎಂಬ ಶಿಕ್ಷಕರ ಆನ್‌ಲೈನ್ ತರಬೇತಿ. ಅದನ್ನು ಮುಗಿಸಿದ್ದು ಮಗ. "ಸರ್ಟಿಫಿಕೇಟು ನಂದು, ಬೆರಳು ಅವಂದು" ಎಂದು ತಾವೇ ನಕ್ಕರು.

ಇಲ್ಲಿ ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಮೊದಲ ಭೇಟಿಯಲ್ಲೇ, ಹತ್ತಿರದಲ್ಲಿ ಎಲ್ಲಾದರೂ ಕಂಪ್ಯೂಟರ್ ಕ್ಲಾಸಿಗೆ ಸೇರಿ ಎಂದಿದ್ದೆ. ಹೋದರು. ಅಲ್ಲಿ ಬಿ.ಕಾಂ. ಹುಡುಗರ ನಡುವೆ ಟ್ಯಾಲಿ ಕಲಿಯುವ ಬ್ಯಾಚು. ಮೂರೇ ದಿನಕ್ಕೆ ಬಿಟ್ಟರು, ನಿದ್ದೆ ಇನ್ನಷ್ಟು ಕೆಟ್ಟಿತು. ಅವರಿಗೆ ಏನು ಕಲಿಯಬೇಕಿದೆ ಎಂದು ಕೇಳುವ ಮೊದಲೇ ಸಲಹೆ ಕೊಟ್ಟಿದ್ದೆ.

ಎರಡನೇ ಭೇಟಿಯಲ್ಲಿ ನಲಿ ಕಲಿಯ ಮಾತು ಬಂತು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ಆ ಪದ್ಧತಿ 2009ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದಾಗ ಇವರು ಒಂದರಿಂದ ಮೂರನೇ ತರಗತಿಗೆ ಇದ್ದರು. ಪಠ್ಯಪುಸ್ತಕದ ಜಾಗದಲ್ಲಿ ಕಾರ್ಡು, ಕುರ್ಚಿ ಬಿಟ್ಟು ನೆಲದ ಮೇಲೆ ಮಕ್ಕಳ ಜೊತೆ ಕೂರುವುದು, ಒಂದೊಂದು ಗುಂಪಿಗೆ ಒಂದೊಂದು ಕೆಲಸ. ಮೊದಲು ಬೈದುಕೊಂಡವರು ವರ್ಷ ಕಳೆಯುವಷ್ಟರಲ್ಲಿ ಬೇರೆ ಟೀಚರ್‌ಗಳಿಗೆ ಹೇಳಿಕೊಡುತ್ತಿದ್ದರಂತೆ.

"ಅದನ್ನು ಹೇಗೆ ಕಲಿತಿರಿ?"

"ಮೂರು ತಿಂಗಳು ಬರೀ ತಪ್ಪು ಮಾಡಿದೆ. ಕಾರ್ಡು ನನ್ನ ಕೈಯಲ್ಲೇ ಇತ್ತಲ್ಲ."

"ಮಗು ಸ್ಲೇಟಿನಲ್ಲಿ 'ಅ' ಬರೆಯೋಕೆ ಒದ್ದಾಡ್ತಾ ಇದ್ದರೆ ಸ್ಲೇಟು ಕಿತ್ಕೊಂಡು ನೀವೇ ಬರೀತೀರಾ ಟೀಚರ್?"

ಸ್ವಲ್ಪ ಹೊತ್ತು ಮಾತಿಲ್ಲ. "ಹಾಗೆ ಮಾಡಿದ್ರೆ ಅದು ಕಲಿಯಲ್ಲ" ಎಂದರು. ಆಮೇಲೆ ತಮ್ಮ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದರು.

ಮುಂದಿನ ಸಲಹೆಗಳೆಲ್ಲ ಅಲ್ಲಿಂದಲೇ ಹೊರಟವು. ಮಗ, ಯುವ ಮೇಷ್ಟ್ರು ಇಬ್ಬರಿಗೂ ಒಂದೇ ಮಾತು ಹೇಳಬೇಕು: ಬಾಯಲ್ಲಿ ಹೇಳಿ, ಫೋನು ಮುಟ್ಟಬೇಡಿ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಕೆಲಸವನ್ನೂ ತಮ್ಮದೇ ಮಾತಿನಲ್ಲಿ ಬರೆದುಕೊಳ್ಳಬೇಕು. 'ಮೇಲೆ ಮೂರು ಗೆರೆ ಇದೆ, ಅದನ್ನೊತ್ತು' ಎಂದಿದ್ದರೂ ಸಾಕು. ಟಿವಿಯನ್ನು ಶನಿವಾರ ಮಕ್ಕಳು ಹೋದ ಮೇಲೆ ಖಾಲಿ ತರಗತಿಯಲ್ಲಿ ಹಾಕಿ ನೋಡಬೇಕು. ತಪ್ಪು ಮಾಡುವುದಕ್ಕೆ ಜಾಗ ಬೇಕು, ಅದು ಮಕ್ಕಳ ಕಣ್ಣೆದುರೇ ಆಗಬೇಕೆಂದಿಲ್ಲ.

ಹಾಗಂತ ಎಲ್ಲವನ್ನೂ ಅವರೇ ಕಲಿಯಬೇಕು ಎಂದು ನಾನು ಹೇಳಲಿಲ್ಲ. ಟಿವಿಯಲ್ಲಿ ರಕ್ತ ಹೇಗೆ ಓಡುತ್ತದೆಂದು ತೋರಿಸುವುದು ಪಾಠ. ಪೋರ್ಟಲ್ಲಿಗೆ ಅಂಕಿ ತುಂಬುವುದು ಪಾಠ ಅಲ್ಲ, ಕಚೇರಿ ಕೆಲಸ. ಎರಡನ್ನೂ ತಂತ್ರಜ್ಞಾನ ಎಂದು ಒಂದೇ ಗಂಟಿಗೆ ಕಟ್ಟಿ ಟೀಚರ್ ತಲೆ ಮೇಲೆ ಇಡುತ್ತೇವೆ, ಆಮೇಲೆ ವಯಸ್ಸಾದವರಿಗೆ ಬರಲ್ಲ ಅಂತೀವಿ. ಸ್ಯಾಟ್ಸ್ ಕೆಲಸವನ್ನು ಯುವ ಮೇಷ್ಟ್ರಿಗೇ ಬಿಡಿ, ಆದರೆ ಉಪಕಾರ ಅಂತ ಅಲ್ಲ, ಬದಲಿಗೆ ಏನಾದರೂ ಕೊಡಿ ಎಂದೆ. ಆ ಮೇಷ್ಟ್ರಿಗೆ ಭಿನ್ನರಾಶಿ ಕಲಿಸುವುದೆಂದರೆ ತಲೆನೋವಂತೆ. ವಾರಕ್ಕೆ ಎರಡು ಪೀರಿಯಡ್ ಇವರು ತೆಗೆದುಕೊಂಡರು. ಹೆಡ್‌ಮಾಸ್ಟರೂ ಒಪ್ಪಿದರು.

ನಿದ್ದೆಯ ತೊಂದರೆಗೆ ಮೊದಲು ವೈದ್ಯರ ಹತ್ತಿರ ಕಳಿಸಿದೆ. ಈ ವಯಸ್ಸಿನಲ್ಲಿ ನಿದ್ದೆ ಕೆಟ್ಟರೆ ಬಿಪಿ, ಶುಗರ್, ಥೈರಾಯ್ಡ್ ನೋಡಿಸದೆ ಬರೀ ಮನಸ್ಸಿನ ಮೇಲೆ ಹಾಕಬಾರದು. ಥೈರಾಯ್ಡ್ ಸ್ವಲ್ಪ ಏರುಪೇರಾಗಿತ್ತು, ಮಾತ್ರೆ ಶುರುವಾಯಿತು. ಜೊತೆಗೆ ರಾತ್ರಿ ಒಂಬತ್ತೂವರೆಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ 'ತುರ್ತು, ಇಂದೇ ಕಳಿಸಿ' ಎಂಬ ಸಂದೇಶಗಳು. ಗುಂಪಿನ ಸದ್ದು ನಿಲ್ಲಿಸುವುದನ್ನು ನನ್ನ ಕೋಣೆಯಲ್ಲೇ ಕಲಿತರು. ನಾನು ಕೈ ಕಟ್ಟಿಕೊಂಡು ಕೂತಿದ್ದೆ, ನಿಜವಾಗಿಯೂ. ನಾಲ್ಕು ನಿಮಿಷ ಹಿಡಿಯಿತು. ಎರಡು ಸಲ ನನ್ನ ಕೈ ತಾನಾಗಿ ಮುಂದೆ ಹೋಗಿತ್ತು.

ಅರ್ಜಿಗೆ ಮೂರು ತಿಂಗಳು ತಾರೀಕು ಹಾಕಬೇಡಿ ಎಂದಷ್ಟೇ ಕೇಳಿಕೊಂಡೆ.

ಕೊನೆಯ ಬೆಂಚಿನ ಆ ಹುಡುಗನ ವಿಷಯಕ್ಕೆ ನಾನು ಏನೂ ಹೇಳಿರಲಿಲ್ಲ. ಅದು ಅವರದ್ದೇ ಐಡಿಯಾ. ಶಾಲಾ ಸಂಸತ್ತಿನಲ್ಲಿ ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ ಇರುತ್ತಾರಲ್ಲ, ಹಾಗೆ ಅವನನ್ನು ಟಿವಿ ಮಂತ್ರಿ ಮಾಡಿದರು. ಓದಿನಲ್ಲಿ ಹಿಂದಿದ್ದ ಹುಡುಗ, ಈಗ ಬೆಲ್ಲಿಗೆ ಮೊದಲೇ ಬಂದು ಟಿವಿಯ ಬಟ್ಟೆ ತೆಗೆದು ಮಡಿಚಿಡುತ್ತಾನಂತೆ. ರಿಮೋಟು ಮಾತ್ರ ಟೀಚರ್ ಕೈಯಲ್ಲಿ.

ಎಲ್ಲ ಸರಿಹೋಯಿತು ಎನ್ನಲಾರೆ. ಹೊಸ ಆ್ಯಪ್ ಬಂದರೆ ಈಗಲೂ ಎದೆ ಡವಡವ ಅನ್ನುತ್ತದಂತೆ. ಅರ್ಜಿಯನ್ನು ಹರಿದಿಲ್ಲ, ಬೀರುವಿನಲ್ಲಿದೆ.

ಕಳೆದ ತಿಂಗಳು ಅವರಿಂದ ಮೆಸೇಜ್ ಬಂತು. ಮಾತಾಡಿ ಟೈಪ್ ಮಾಡಿದ್ದು. 'ಈ ವಾರ ಬರಲ್ಲ, ಪ್ರತಿಭಾ ಕಾರಂತ ಇದೆ.' ಒಂದು ನಿಮಿಷಕ್ಕೆ ಇನ್ನೊಂದು: 'ಕಾರಂಜಿ. ತಪ್ಪು ಕಂಡಿದೆ. ತಿದ್ದೋದು ಹೇಗೆ ಅಂತ ಇನ್ನೂ ನೋಟ್‌ಬುಕ್ಕಲ್ಲಿ ಬರ್ಕೊಂಡಿಲ್ಲ.'